ನನ್ನ ಕೆಲಸ ಕಂಡವರು

ಅಮೆರಿಕದಲ್ಲಿ ವೆಟ್ ಸ್ಕೂಲಿಗೆ, ಅಂದರೆ ಪಶುವೈದ್ಯರಾಗುವ ಓದಿಗೆ, ನಾನು ಎರಡು ಸಲ ಅರ್ಜಿ ಹಾಕಿದ್ದೇನೆ. ಮೊದಲ ಸಲ ಎಲ್ಲ ಕಡೆಯಿಂದಲೂ ‘ಇಲ್ಲ’ ಅಂತ ಬಂತು. ಮರುವರ್ಷ ಸೀಟು ಸಿಕ್ಕಿತು. ನಡುವಿನ ಹನ್ನೆರಡು ತಿಂಗಳಲ್ಲಿ ನನ್ನ ಅಂಕಗಳು ಹಾಗೇ ಇದ್ದವು. ಪ್ರಾಣಿಗಳ ಜೊತೆ ಕೆಲಸ ಮಾಡಿದ ಗಂಟೆಗಳು ಸ್ವಲ್ಪ ಜಾಸ್ತಿಯಾಗಿದ್ದವು. ಪೂರ್ತಿ ಬದಲಾಗಿದ್ದು ನನ್ನ ಬಗ್ಗೆ ಪತ್ರ ಬರೆದ ಮೂವರು.

ಇದನ್ನು ನಾವು ಶಿಫಾರಸು ಪತ್ರ ಅಂತ ಕರೆಯುತ್ತೇವೆ. ಆ ಪದವೇ ನನ್ನನ್ನು ದಾರಿ ತಪ್ಪಿಸಿತು ಅಂತ ಈಗ ಅನಿಸುತ್ತದೆ. ಶಿಫಾರಸು ಅಂದ ಕೂಡಲೇ ಮನಸ್ಸಿಗೆ ಬರುವುದು ದೊಡ್ಡವರ ಒಂದು ಮಾತು. ‘ಅವರ ಕೈಲಿ ಒಂದು ಮಾತು ಹೇಳಿಸಿದರೆ ಆಗುತ್ತೆ’ ಅನ್ನುವ ಲೆಕ್ಕ. ಹೇಳುವವರು ಎಷ್ಟು ದೊಡ್ಡವರೋ ಮಾತಿಗೆ ಅಷ್ಟು ತೂಕ. ವಶೀಲಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟೇ ಅಂತರ. ನಾನೂ ಅದೇ ಲೆಕ್ಕದಲ್ಲಿ ಹುಡುಕಲು ಹೊರಟೆ.

ಮೊದಲನೆಯವರು ನಮ್ಮ ವಿಭಾಗದ ಮುಖ್ಯಸ್ಥರು. ಅವರ ಕ್ಲಾಸಿನಲ್ಲಿ ನನಗೆ ಎ ಗ್ರೇಡ್ ಬಂದಿತ್ತು. ಆ ಕ್ಲಾಸಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೆವು. ಎರಡನೆಯವರು ಹೆಸರು ಮಾಡಿದ ಸಂಶೋಧಕರು. ಅವರ ಲ್ಯಾಬಿನಲ್ಲಿ ಒಂದು ಬೇಸಿಗೆ ಕೆಲಸ ಮಾಡಿದ್ದೆ, ಆದರೆ ಅವರ ಜೊತೆ ಮಾತಾಡಿದ್ದು ಎರಡೇ ಸಲ. ದಿನಾ ನನಗೆ ಕೆಲಸ ಹೇಳಿಕೊಡುತ್ತಿದ್ದವರು ಅಲ್ಲಿನ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಮೂರನೆಯವರು ಒಬ್ಬ ಪಶುವೈದ್ಯರು. ಅವರ ಕ್ಲಿನಿಕ್ಕಿನಲ್ಲಿ ಒಂದು ಮೂಲೆಯಲ್ಲಿ ನಿಂತು ನೋಡಿದ್ದೆ, ಅಷ್ಟೇ. ಒಂದು ನಾಯಿಯ ಕಾಲನ್ನೂ ಹಿಡಿದಿರಲಿಲ್ಲ.

ಮೂವರೂ ಒಳ್ಳೆಯವರು. ಕೇಳಿದ ತಕ್ಷಣ ಒಪ್ಪಿಕೊಂಡರು. ಹೇಳಿದ ದಿನಕ್ಕೆ ಪತ್ರ ಕಳಿಸಿದರು. ಅವರಿಗೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಬರೆದಿರುತ್ತಾರೆ. ತೊಂದರೆ ಇದ್ದದ್ದು ಅಲ್ಲೇ. ಗೊತ್ತಿದ್ದದ್ದೇ ಅಷ್ಟು.

ಸೀಟು ಸಿಗದವರಿಗೆ ಕೆಲವು ಕಾಲೇಜುಗಳು ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡುವ ಅವಕಾಶ ಕೊಡುತ್ತವೆ. ಫೈಲು ಮುಂದಿಟ್ಟುಕೊಂಡು ಎಲ್ಲಿ ಕಡಿಮೆಯಾಯಿತು ಅಂತ ಹೇಳುತ್ತಾರೆ. ನಾನು ಪೆನ್ನು ಹಿಡಿದು ಕೂತಿದ್ದೆ. ಅಂಕ ಸರಿ ಇದೆ ಅಂದರು. ನಾನು ಬರೆದ ಪ್ರಬಂಧವೂ ಚೆನ್ನಾಗಿದೆ ಅಂದರು. ಆಮೇಲೆ ಫೋನಿನಲ್ಲಿದ್ದ ಆ ಕಾಲೇಜಿನ ಹೆಂಗಸು ಒಂದು ಕ್ಷಣ ತಡೆದು ಹೇಳಿದರು: “ಪತ್ರಗಳಲ್ಲಿ ಏನಿದೆ ಅಂತ ಓದಿ ಹೇಳೋ ಹಾಗಿಲ್ಲ. ಆದರೆ ಮೂರನ್ನೂ ಓದಿದ ಮೇಲೆ ನೀವು ಚೆನ್ನಾಗಿ ಓದ್ತೀರಿ ಅಂತ ಗೊತ್ತಾಯ್ತು. ಅದು ನಿಮ್ಮ ಅಂಕಪಟ್ಟಿಯಲ್ಲೇ ಇತ್ತಲ್ಲ.”

ಆ ಮಾತನ್ನು ಹಾಗೇ ಬರೆದುಕೊಂಡೆ. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಒಂದೆರಡು ವಾರ ಬೇಜಾರಿನಲ್ಲೇ ಕಳೆಯಿತು. ಆಮೇಲೆ ಒಂದು ಸಂಜೆ ಕೂತು ಯೋಚಿಸಿದೆ. ಆಯ್ಕೆ ಸಮಿತಿಯವರ ಮುಂದೆ ಒಬ್ಬ ವಿದ್ಯಾರ್ಥಿಯ ಫೈಲು ಇರುತ್ತದೆ. ಅದರಲ್ಲಿ ಬಹುಪಾಲು ಆ ವಿದ್ಯಾರ್ಥಿಯೇ ತನ್ನ ಬಗ್ಗೆ ಹೇಳಿಕೊಂಡದ್ದು. ಬೇರೆಯವರು ಕಣ್ಣಾರೆ ಕಂಡು ಹೇಳಿದ್ದು ಅಂತ ಇರುವುದು ಈ ಪತ್ರಗಳಲ್ಲಿ ಮಾತ್ರ. ಹಾಗಾದರೆ ಅವರಿಗೆ ಬೇಕಾಗಿದ್ದು ಶಿಫಾರಸು ಅಲ್ಲ, ಸಾಕ್ಷಿ. ಸಾಕ್ಷಿ ಹೇಳುವವರು ಎಷ್ಟು ದೊಡ್ಡವರು ಅಂತ ಯಾರೂ ಕೇಳುವುದಿಲ್ಲ. ಆ ಹೊತ್ತಿಗೆ ನೀವು ಅಲ್ಲಿದ್ದಿರಾ, ಏನು ನೋಡಿದಿರಿ ಅಂತ ಕೇಳುತ್ತಾರೆ.

ಆಮೇಲೆ ತಿಳಿಯಿತು, ಅಲ್ಲಿನ ಮೆಡಿಕಲ್ ಕಾಲೇಜುಗಳ ಅರ್ಜಿ ವ್ಯವಸ್ಥೆಯಲ್ಲಿ ಈ ಪತ್ರಕ್ಕೆ ‘ಶಿಫಾರಸು’ ಅನ್ನುವ ಹೆಸರೇ ಇಲ್ಲ. ‘ಮೌಲ್ಯಮಾಪನದ ಪತ್ರ’ ಅನ್ನುತ್ತಾರೆ. ಆ ಕಾಲೇಜುಗಳ ಒಕ್ಕೂಟವಾದ ಎಎಎಂಸಿ ಪತ್ರ ಬರೆಯುವವರಿಗೆ ಕೊಟ್ಟಿರುವ ಸೂಚನೆಗಳನ್ನು ಓದಿದೆ. ವಿದ್ಯಾರ್ಥಿಯ ಪರ ವಾದ ಮಾಡಬೇಡಿ, ಸರಿಯಾದ ಅಂದಾಜು ಕೊಡಿ ಅಂತ ಅದರಲ್ಲಿ ಇದೆ. ನಿಮಗೆ ಈ ವಿದ್ಯಾರ್ಥಿ ಎಷ್ಟು ಕಾಲದಿಂದ ಗೊತ್ತು, ಯಾವ ಕೆಲಸದಲ್ಲಿ ಗೊತ್ತು, ನೇರವಾಗಿ ನೋಡಿದ್ದೀರಾ ಇಲ್ಲವಾ ಅನ್ನುವುದನ್ನು ಬರೆಯಿರಿ ಅಂತಲೂ ಇದೆ. ನಾನು ಮೊದಲ ಸಲ ಆರಿಸಿದ ಮೂವರೂ ಈ ಮೂರನೇ ಪ್ರಶ್ನೆಯಲ್ಲೇ ತಡವರಿಸುತ್ತಿದ್ದರು.

ಆ ಸಂಜೆ ಒಂದು ಹಾಳೆ ತೆಗೆದುಕೊಂಡೆ. ಅದರಲ್ಲಿ ಹೆಸರುಗಳನ್ನು ಬರೆಯಲಿಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ನನಗೆ ಕಷ್ಟವಾದ ದಿನಗಳನ್ನು ಬರೆದೆ. ಎಲ್ಲಿ ತಪ್ಪು ಮಾಡಿದೆ, ಎಲ್ಲಿ ಗೊತ್ತಾಗದೆ ನಿಂತೆ, ಎಲ್ಲಿ ಎರಡನೇ ಸಲ ಮಾಡಿ ಸರಿಪಡಿಸಿದೆ ಅಂತ. ಆಮೇಲೆ ಪ್ರತಿಯೊಂದರ ಪಕ್ಕದಲ್ಲಿ, ಆಗ ಅಲ್ಲಿ ಬೇರೆ ಯಾರಿದ್ದರು ಅಂತ ಬರೆದೆ. ಹಾಳೆ ತುಂಬುವ ಹೊತ್ತಿಗೆ ಎರಡು ಹೆಸರು ಮತ್ತೆ ಮತ್ತೆ ಬಂದಿದ್ದವು. ಎರಡೂ ನನ್ನ ಮೊದಲ ಪಟ್ಟಿಯಲ್ಲಿ ಇರಲಿಲ್ಲ.

ಒಂದು ಹೆಸರು, ನಾನು ವಾರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದ ಪ್ರಾಣಿಗಳ ಶೆಲ್ಟರಿನ ಡಾಕ್ಟರ್‌ದು. ಅವರಿಗೆ ಹೆಸರು ಕೀರ್ತಿ ಅಂತ ಏನೂ ಇರಲಿಲ್ಲ. ಶನಿವಾರ ಬೆಳಗ್ಗೆ ಬಂದರೆ ಸಂಜೆವರೆಗೆ ನಿಂತೇ ಇರುತ್ತಿದ್ದರು. ಮಾತು ಕಡಿಮೆ. ಅವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಇದೆಯಾ ಇಲ್ಲವಾ ಅಂತಲೇ ನನಗೆ ಗೊತ್ತಿರಲಿಲ್ಲ. ಮೊದಲ ವರ್ಷ ಅವರನ್ನು ಕೇಳದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ ಒಂದು ಬೆಕ್ಕು.

ಹಳದಿ ಬಣ್ಣದ ಗಂಡು ಬೆಕ್ಕು. ಆಪರೇಷನ್ ಆಗಿತ್ತು, ನೋವಿಗೆ ಔಷಧಿ ಕೊಡಬೇಕಿತ್ತು. ಸಿರಿಂಜಿಗೆ ಔಷಧಿ ತುಂಬಿಸಿ ಡಾಕ್ಟರಿಗೆ ತೋರಿಸುವುದು ನನ್ನ ಕೆಲಸ. ಬೋನಿನ ಮೇಲಿನ ಚೀಟಿಯಲ್ಲಿ ತೂಕ 11 ಅಂತ ಇತ್ತು. ಔಷಧಿಯ ಲೆಕ್ಕ ಕಿಲೋಗೆ ಇಷ್ಟು ಅಂತ. ನಾನು ಹನ್ನೊಂದರಿಂದ ಗುಣಿಸಿ ಸಿರಿಂಜ್ ಎಳೆದೆ. ಎಳೆದ ಮೇಲೆ ಕೈ ತಡೆಯಿತು. ದಿನಾ ಬೆಕ್ಕುಗಳಿಗೆ ತುಂಬಿಸುವುದಕ್ಕಿಂತ ಔಷಧಿ ಮೇಲಿನ ಗೆರೆಯವರೆಗೆ ಬಂದಿತ್ತು. ಬೆಕ್ಕನ್ನು ನೋಡಿದೆ. ಅದು ಹನ್ನೊಂದು ಕಿಲೋ ಬೆಕ್ಕಲ್ಲ. ಚೀಟಿಯಲ್ಲಿದ್ದದ್ದು ಪೌಂಡ್. ಒಂದು ಕಿಲೋಗೆ 2.2 ಪೌಂಡ್, ಅಂದರೆ ಆ ಬೆಕ್ಕು ಐದೇ ಕಿಲೋ. ನನ್ನ ಕೈಯಲ್ಲಿದ್ದದ್ದು ಎರಡು ಪಟ್ಟಿಗಿಂತ ಜಾಸ್ತಿ ಔಷಧಿ.

ಜಾಸ್ತಿಯಾದದ್ದನ್ನು ಚೆಲ್ಲಿ ಸರಿಯಾದ ಅಳತೆ ಮಾಡಿಕೊಂಡು ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದೇ ಚೀಟಿಯನ್ನು ಸಂಜೆ ಇನ್ನೊಬ್ಬರು ಓದುತ್ತಾರಲ್ಲ ಅಂತ ಅನಿಸಿತು. ಸಿರಿಂಜನ್ನು ಹಾಗೇ ಟ್ರೇಯಲ್ಲಿಟ್ಟುಕೊಂಡು ಡಾಕ್ಟರ್ ಹತ್ತಿರ ಹೋದೆ. “ತಪ್ಪು ಎಳೆದಿದ್ದೀನಿ ಡಾಕ್ಟರ್. ಪೌಂಡನ್ನು ಕಿಲೋ ಅಂದುಕೊಂಡೆ. ಚೀಟಿಯಲ್ಲಿ ಪೌಂಡ್ ಅಂತ ಬರೆದಿಲ್ಲ,” ಅಂದೆ. ಅವರು ಸಿರಿಂಜ್ ನೋಡಿದರು, ಚೀಟಿ ನೋಡಿದರು. “ಹ್ಞೂಂ, ಹೊಸದು ಎಳಿ,” ಅಂದರು. ಅಷ್ಟೇ. ಆ ದಿನವೆಲ್ಲ ನನಗೆ ಕೈಕಾಲು ತಣ್ಣಗಾಗಿತ್ತು. ಅವರು ನನ್ನ ಬಗ್ಗೆ ಏನಂದುಕೊಂಡರೋ ಅಂತ ತಿಂಗಳುಗಟ್ಟಲೆ ಕೊರೆಯುತ್ತಿತ್ತು. ಮುಂದಿನ ವಾರದಿಂದ ಎಲ್ಲ ಚೀಟಿಗಳಲ್ಲಿ ತೂಕವನ್ನು ಕಿಲೋ ಲೆಕ್ಕಕ್ಕೆ ಬದಲಿಸಿ, ಮುಂದೆ ಕಿಲೋ ಅಂತ ಬರೆದು ಸುತ್ತ ಗೆರೆ ಎಳೆಯುವುದನ್ನು ನಾನೇ ಶುರು ಮಾಡಿದೆ.

ಪತ್ರ ಕೇಳಲು ಹೋದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ಆ ಹಳದಿ ಬೆಕ್ಕಿನ ಸಿರಿಂಜ್ ವಿಷಯ ಬರೀತೀನಿ. ಪರವಾಗಿಲ್ವಾ?”

ನನಗೆ ಎದೆ ಧಸಕ್ ಅಂತು. ಅವರೇ ಮುಂದುವರಿಸಿದರು: “ತಪ್ಪು ಎಲ್ಲರೂ ಮಾಡ್ತಾರೆ. ತಂದು ತೋರಿಸೋರು ಕಡಿಮೆ. ನನಗೆ ನಿನ್ನ ಬಗ್ಗೆ ಗೊತ್ತಿರೋದರಲ್ಲಿ ಅದೇ ಮುಖ್ಯವಾದದ್ದು.”

ಯಾವ ಘಟನೆಯಿಂದ ನಾನು ಅವರನ್ನು ಕೇಳಲು ಹಿಂಜರಿದಿದ್ದೆನೋ, ಅವರ ಹತ್ತಿರ ಹೇಳಲು ಇದ್ದದ್ದು ಅದೇ ಆಗಿತ್ತು.

ಎರಡನೆಯ ಹೆಸರು ನಮಗೆ ಕೆಮಿಸ್ಟ್ರಿ ಲ್ಯಾಬ್ ನಡೆಸುತ್ತಿದ್ದ ಬೋಧಕರದು. ಅವರು ಪ್ರೊಫೆಸರ್ ಅಲ್ಲ. ಒಂದು ಪ್ರಯೋಗ ಮೂರು ವಾರ ಕೈಕೊಟ್ಟಾಗ ಪ್ರತಿ ಗುರುವಾರ ಅವರ ಮೇಜಿನ ಮುಂದೆ ನಿಂತಿರುತ್ತಿದ್ದೆ. ಇಂಥವರ ಪತ್ರಕ್ಕೆ ಬೆಲೆ ಇರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇರುತ್ತದೆ. ಕಾಲೇಜಿನವರು ಪ್ರೊಫೆಸರ್‌ರದೇ ಪತ್ರ ಬೇಕು ಅಂದಿದ್ದರೆ ಅದಕ್ಕೂ ದಾರಿ ಇದೆ. ನಿಮ್ಮನ್ನು ದಿನಾ ನೋಡಿದ ಸಹಾಯಕರು ಬರೆಯುತ್ತಾರೆ, ಕ್ಲಾಸಿನ ಪ್ರೊಫೆಸರ್ ಓದಿ ಜೊತೆಗೆ ಸಹಿ ಹಾಕುತ್ತಾರೆ. ದೊಡ್ಡ ದೊಡ್ಡ ಕ್ಲಾಸುಗಳಿರುವ ಕಡೆ ಇದು ಮಾಮೂಲಿ.

ಮೂರನೆಯದು ಕಷ್ಟವಾಯಿತು. ನನಗೆ ತುಂಬಾ ಇಷ್ಟವಾಗಿದ್ದ ಒಬ್ಬ ಪ್ರೊಫೆಸರ್ ಹತ್ತಿರ ಹೋದೆ. ಈ ಸಲ ‘ಪತ್ರ ಬರೆದುಕೊಡ್ತೀರಾ’ ಅಂತ ಕೇಳಲಿಲ್ಲ. “ನನ್ನ ಬಗ್ಗೆ ಗಟ್ಟಿಯಾಗಿ ಬರೆಯೋಷ್ಟು ನಿಮಗೆ ನಾನು ಗೊತ್ತಾ ಸರ್? ಇಲ್ಲ ಅಂದರೂ ಏನೂ ಬೇಜಾರಿಲ್ಲ,” ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, “ನೀವು ಯಾವಾಗಲೂ ಮುಂದಿನ ಸಾಲಲ್ಲಿ ಕೂರ್ತಿದ್ರಿ, ನೆನಪಿದೆ. ನಿಮ್ಮ ಪರೀಕ್ಷೆ ಪೇಪರ್ ಬಿಟ್ಟರೆ ಬೇರೆ ಏನೂ ನನಗೆ ಗೊತ್ತಿಲ್ಲ. ನಾನು ಬರೆದರೆ ಸಪ್ಪೆಯಾಗಿರುತ್ತೆ,” ಅಂದರು. ಹೊರಗೆ ಬಂದಾಗ ಅವಮಾನ ಆದ ಹಾಗಿತ್ತು. ಮನೆ ತಲುಪುವ ಹೊತ್ತಿಗೆ ಅವರು ನನಗೆ ಮಾಡಿದ ಉಪಕಾರ ಅರ್ಥವಾಯಿತು. ಹಿಂದಿನ ವರ್ಷ ಹೀಗೆ ಕೇಳಿದ್ದರೆ ಮೂವರಲ್ಲಿ ಇಬ್ಬರಾದರೂ ಇದೇ ಮಾತು ಹೇಳುತ್ತಿದ್ದರೇನೋ. ನಾನೇ ಅವರಿಗೆ ಇಲ್ಲ ಅನ್ನಲು ಜಾಗ ಬಿಟ್ಟಿರಲಿಲ್ಲ.

ಕೊನೆಗೆ ಮೂರನೇ ಪತ್ರ ಬರೆದವರು, ಸಂಶೋಧಕರ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದ್ದ ಆ ಪಿಎಚ್‌ಡಿ ವಿದ್ಯಾರ್ಥಿ. ಅಷ್ಟರಲ್ಲಿ ಅವರಿಗೆ ಡಿಗ್ರಿ ಬಂದು ಬೇರೆ ಕಡೆ ಪಾಠ ಮಾಡುತ್ತಿದ್ದರು.

ಸಂಖ್ಯೆಯ ಬಗ್ಗೆ ಒಂದು ಮಾತು. ಬಹುತೇಕ ವೆಟ್ ಸ್ಕೂಲುಗಳ ಅರ್ಜಿ ಹೋಗುವುದು ವಿಎಂಕ್ಯಾಸ್ ಅನ್ನುವ ಒಂದೇ ಕಿಂಡಿಯಿಂದ. ಅಲ್ಲಿ ಕನಿಷ್ಠ 3 ಪತ್ರ ಬೇಕು, 6ರವರೆಗೆ ಹಾಕಬಹುದು. ಒಂದಾದರೂ ಪಶುವೈದ್ಯರದ್ದಿರಲಿ ಅಂತ ತುಂಬಾ ಕಾಲೇಜುಗಳು ಕೇಳುತ್ತವೆ. ಎಂಬಿಬಿಎಸ್‌ಗೆ ಸಮನಾದ ಎಂಡಿ ಅರ್ಜಿಯ ಆಮ್‌ಕ್ಯಾಸ್‌ನಲ್ಲಿ 10ರವರೆಗೆ ಹಾಕಬಹುದು. ದಂತವೈದ್ಯಕ್ಕೆ, ಫಾರ್ಮಸಿಗೆ 4. ಜಾಗ ಇದೆ ಅಂತ ತುಂಬಿಸುವುದು ಬೇಡ. ಐದನೇ ಪತ್ರ ಸಪ್ಪೆಯಾಗಿದ್ದರೆ ಮೊದಲ ಮೂರರ ರುಚಿಯನ್ನೂ ಕೆಡಿಸುತ್ತದೆ.

ಯಾರು ಬರೆಯಬೇಕು ಅನ್ನುವುದು ಓದಿನ ಮೇಲೂ ನಿಂತಿದೆ. ಮೆಡಿಕಲ್ ಕಾಲೇಜುಗಳಲ್ಲಿ ಹಲವು ಕಡೆ ಇಬ್ಬರು ವಿಜ್ಞಾನದ ಅಧ್ಯಾಪಕರು ಮತ್ತು ವಿಜ್ಞಾನದ ಹೊರಗಿನ ಒಬ್ಬರು ಅಂತ ಕೇಳುತ್ತಾರೆ. ಲಾ ಸ್ಕೂಲುಗಳಿಗೆ ನಿಮ್ಮ ಬರವಣಿಗೆಯನ್ನು ಓದಿ ತಿದ್ದಿದ ಪ್ರೊಫೆಸರ್ ಬೇಕು. ಎಂಬಿಎಗೆ ಪ್ರೊಫೆಸರ್ ಬೇಡ, ಈಗಿನ ಮೇಲಧಿಕಾರಿ ಬೇಕು. ಎಂಬಿಎ ಕಾಲೇಜುಗಳಲ್ಲಿ ಹಲವು ಬಳಸುವ ಒಂದು ಸಾಮಾನ್ಯ ಫಾರ್ಮ್ ಇದೆ. ಅದರಲ್ಲಿರುವ ಒಂದು ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಈ ಅಭ್ಯರ್ಥಿಗೆ ನೀವು ತಿದ್ದಿ ಹೇಳಿದ ಅತಿ ಮುಖ್ಯವಾದ ಮಾತು ಯಾವುದು, ಅದಕ್ಕೆ ಅವರು ಹೇಗೆ ನಡೆದುಕೊಂಡರು ಅಂತ ಕೇಳುತ್ತಾರೆ. ಯಾವ ಓದಿಗೆ ಅರ್ಜಿ ಹಾಕುವವರೂ ಆ ಪ್ರಶ್ನೆಯನ್ನು ತಮ್ಮ ಪಟ್ಟಿಯ ಮುಂದಿಟ್ಟು ನೋಡಬಹುದು. ನಿಮ್ಮನ್ನು ಒಮ್ಮೆಯೂ ತಿದ್ದದವರು ಅದಕ್ಕೆ ಏನಂತ ಉತ್ತರ ಕೊಡುತ್ತಾರೆ, ಅಲ್ವಾ?

ಅರ್ಜಿಯಲ್ಲಿ ಇನ್ನೊಂದು ಕಡೆ ಕೈ ನಡುಗುತ್ತದೆ. ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಅಂತ ಒಂದು ಪ್ರಶ್ನೆ ಇರುತ್ತದೆ. ಅಮೆರಿಕದಲ್ಲಿ 1974ರ ಒಂದು ಕಾನೂನು, ಫರ್ಪಾ ಅಂತ, ವಿದ್ಯಾರ್ಥಿಗೆ ಕಾಲೇಜಿನಲ್ಲಿರುವ ತನ್ನ ದಾಖಲೆಗಳನ್ನು ನೋಡುವ ಹಕ್ಕು ಕೊಟ್ಟಿದೆ. ಸೀಟು ಸಿಕ್ಕಿ ಆ ಕಾಲೇಜಿಗೆ ಸೇರಿದ ಮೇಲೆ ಈ ಪತ್ರಗಳನ್ನೂ ಕೇಳಬಹುದು, ಹಕ್ಕು ಬಿಟ್ಟುಕೊಡದೆ ಇದ್ದರೆ ಮಾತ್ರ. ಬಿಟ್ಟುಕೊಡಲೇಬೇಕು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ. ನಾನು ಎರಡೂ ಸಲ ಬಿಟ್ಟುಕೊಟ್ಟೆ. ಮೊದಲ ಸಲ ಎಲ್ಲರೂ ಹಾಗೇ ಮಾಡುತ್ತಾರೆ ಅಂತ. ಎರಡನೇ ಸಲ ತಿಳಿದು ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ನಮ್ಮಲ್ಲೊಂದು ಗಾದೆ ಇದೆ. ಪತ್ರ ನಾಳೆ ನನ್ನ ಕೈಗೆ ಬರುತ್ತದೆ ಅಂತ ಗೊತ್ತಿದ್ದರೆ ಬರೆಯುವವರು ಎಲ್ಲೋ ಒಂದು ಕಡೆ ಪೆನ್ನು ತಡೆಯುತ್ತಾರೆ. ಓದುವವರಿಗೂ ಆ ಅನುಮಾನ ಇರುತ್ತದೆ. ಅವರು ಕಂಡ ಹಾಗೆ ಬರೆಯಲಿ ಅಂತಲೇ ನಾನು ಅವರನ್ನು ಆರಿಸಿದ್ದು. ಮೇಲಿಂದ ಓದಿ ನೋಡುತ್ತೇನೆ ಅನ್ನಲು ಮನಸ್ಸು ಬರಲಿಲ್ಲ.

ಹಾಗಂತ ಎಲ್ಲವನ್ನೂ ಅವರ ನೆನಪಿಗೆ ಬಿಟ್ಟು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿಯೊಬ್ಬರಿಗೂ ನಾನು ಒಂದು ಹಾಳೆ ಕೊಟ್ಟೆ. ಅದರಲ್ಲಿ ನನ್ನ ಗುಣಗಳ ಪಟ್ಟಿ ಇರಲಿಲ್ಲ. ಅವರ ಜೊತೆ ಯಾವಾಗಿಂದ ಯಾವಾಗಿನವರೆಗೆ ಕೆಲಸ ಮಾಡಿದೆ, ಯಾವ ಕೆಲಸ, ಅವರ ಎದುರೇ ನಡೆದ ನಾಲ್ಕೈದು ಸಂಗತಿಗಳು. ಯಾವುದನ್ನು ಬರೆಯಬೇಕು, ಹೇಗೆ ಬರೆಯಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಒಬ್ಬರು “ನೀನೇ ಬರೆದು ತಾ, ಸಹಿ ಹಾಕ್ತೀನಿ” ಅಂದಿದ್ದರು. ಬೇಡ ಅಂದೆ, ಈ ಹಾಳೆಯನ್ನೇ ಮತ್ತೆ ಮುಂದಿಟ್ಟೆ. ನಾನೇ ಬರೆದರೆ ಅದು ನನ್ನ ಇನ್ನೊಂದು ಪ್ರಬಂಧ ಆಗುತ್ತದೆ, ಸಾಕ್ಷಿ ಆಗುವುದಿಲ್ಲ.

ಸಂಗತಿಗಳನ್ನು ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಒಂದು ದೊಡ್ಡ ಮೆಡಿಕಲ್ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಪತ್ರಗಳನ್ನು ಇಬ್ಬರು ಸಂಶೋಧಕರು ಓದಿ, 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿಯಲ್ಲಿ ಚಿಕ್ಕವು. ಓದುವವರಿಗೆ ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲೇ ಜಾಸ್ತಿ. ಬರೆದವರು ಬೇಕಂತ ಹಾಗೆ ಮಾಡಿರಲಾರರು. ಹೇಳಲು ನಿರ್ದಿಷ್ಟವಾಗಿ ಏನೂ ಕೈಗೆ ಸಿಗದಾಗ ‘ಒಳ್ಳೆಯ ಹುಡುಗಿ, ಶ್ರಮಪಡುತ್ತಾಳೆ’ ಅನ್ನುವ ಹಳೇ ಮಾತೇ ಪೆನ್ನಿಗೆ ಬರುತ್ತದೆ ಅಂತ ನನಗನಿಸುತ್ತದೆ. ಬೆಕ್ಕಿನ ಕಥೆ ಇರುವ ಕಡೆ ಅಂಥ ಮಾತಿಗೆ ಜಾಗ ಇರುವುದಿಲ್ಲ.

ಸಮಯದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಆರೆಂಟು ವಾರ ಮೊದಲೇ ಕೇಳಿ. ಪತ್ರ ಹಾಕುವ ಲಿಂಕ್ ಅರ್ಜಿಯ ವ್ಯವಸ್ಥೆಯಿಂದಲೇ ಅವರ ಇಮೇಲಿಗೆ ಹೋಗುತ್ತದೆ, ಎಷ್ಟೋ ಸಲ ಸ್ಪ್ಯಾಮಿನಲ್ಲಿ ಬಿದ್ದಿರುತ್ತದೆ. ಬಂತಾ ಅಂತ ಅದೇ ದಿನ ಕೇಳಿಬಿಡಿ. ಒಮ್ಮೆ ಅವರು ಸಲ್ಲಿಸಿದ ಮೇಲೆ ಆ ಪತ್ರ ತೆಗೆದು ಇನ್ನೊಂದು ಹಾಕಲು ಆಗುವುದಿಲ್ಲ.

ಈಗ ನಾನೇ ಪತ್ರ ಬರೆಯುವ ಜಾಗದಲ್ಲಿದ್ದೇನೆ. ನಮ್ಮ ಕ್ಲಿನಿಕ್ಕಿಗೆ ಬರುವ ಒಬ್ಬ ಹುಡುಗಿ ಈ ಸೆಪ್ಟೆಂಬರಿಗೆ ಅರ್ಜಿ ಹಾಕುತ್ತಿದ್ದಾಳೆ. ಹೋದ ವಾರ ಬಂದು, “ನನಗೊಂದು ಲೆಟರ್ ಕೊಡ್ತೀರಾ ಡಾಕ್ಟರ್?” ಅಂತ ಕೇಳಿದಳು. “ನಾನು ನಿನ್ನನ್ನ ಎಲ್ಲಿ ನೋಡಿದ್ದೀನಿ, ಹೇಳು,” ಅಂದೆ. ಅವಳು ಗಾಬರಿಯಾಗಿ ಬಂದ ತಾರೀಕು, ಮಾಡಿದ ಗಂಟೆ ಎಲ್ಲ ಹೇಳತೊಡಗಿದಳು. ನಾನು ಕಾಯುತ್ತಿದ್ದದ್ದು ಅದಕ್ಕಲ್ಲ. ಆದರೆ ಅವಳು ಮಾತಾಡುತ್ತಿರುವಾಗ ನನಗೇ ನೆನಪಾಯಿತು.

ನಮ್ಮಲ್ಲಿ ಒಂದು ವಾರ ಇದ್ದ ಮುದಿ ನಾಯಿಯೊಂದಕ್ಕೆ ಎರಡು ಕಣ್ಣೂ ಕಾಣುತ್ತಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಬೆಚ್ಚಿಬಿದ್ದು ಕಚ್ಚಲು ಬರುತ್ತಿತ್ತು. ಈ ಹುಡುಗಿ ಪ್ರತಿ ಸಲವೂ ಮೊದಲು ಬೋನಿನ ಕಂಬಿಯ ಮೇಲೆ ಬೆರಳಿಂದ ಎರಡು ಸಲ ತಟ್ಟುತ್ತಿದ್ದಳು. ಅದು ತಲೆ ಎತ್ತುವವರೆಗೆ ಕಾಯುತ್ತಿದ್ದಳು. ಆಮೇಲೆ ಚಿಲಕ ತೆಗೆಯುತ್ತಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೇ ದಿನಕ್ಕೆ ನಾವೆಲ್ಲರೂ ತಟ್ಟಲು ಶುರು ಮಾಡಿದ್ದೆವು.

ನಿನ್ನೆ ರಾತ್ರಿ ಬರೆಯಲು ಕೂತೆ. ಮೊದಲ ಸಾಲು ಆ ನಾಯಿಯಿಂದಲೇ ಶುರುವಾಯಿತು. ಅವಳು ನಿಧಾನ, ಒತ್ತಡ ಜಾಸ್ತಿಯಾದ ದಿನ ಇನ್ನೂ ನಿಧಾನವಾಗುತ್ತಾಳೆ ಅನ್ನುವುದನ್ನೂ ಬರೆದೆ. ಬರೆಯುತ್ತೇನೆ ಅಂತ ಅವಳಿಗೆ ಮೊದಲೇ ಹೇಳಿದ್ದೆ. ಒಂದು ಕ್ಷಣ ಸುಮ್ಮನಿದ್ದು, “ಸರಿ ಡಾಕ್ಟರ್, ಅದು ನಿಜ,” ಅಂದಿದ್ದಳು. ಆ ಮಾತನ್ನೂ ಸೇರಿಸಿದ್ದೇನೆ. ಇನ್ನು ಫಾರ್ಮಿನಲ್ಲಿ ಟಿಕ್ ಹಾಕುವುದು ಬಾಕಿ ಇದೆ. ಇವತ್ತು ಸಂಜೆ ಇನ್ನೊಮ್ಮೆ ಓದಿ ಕಳಿಸಬೇಕು.